ವ್ರತವೂ ವ್ಯಾಧಿಯೂ: ಪೀನಸದ ನಿಮಿತ್ತದಿಂದ ಒಂದು ವಿಚಾರ

ವ್ರತ ಹಿಡಿದವರಿಗೆ ವ್ಯಾಧಿ ಬಂದಾಗ ಎರಡು ಮಾತುಗಳು ಕೇಳಿಬರುತ್ತವೆ. ‘ಪ್ರಾಣ ಹೋದರೂ ವ್ರತ ಬಿಡಬಾರದು’ ಎಂಬುದು ಒಂದು. ‘ಶರೀರವಿದ್ದರೆ ತಾನೆ ಧರ್ಮ, ಮೊದಲು ಗುಣವಾಗಲಿ’ ಎಂಬುದು ಇನ್ನೊಂದು. ಎರಡೂ ಹಿರಿಯರ ಬಾಯಿಂದಲೇ ಬಂದವು. ಆದರೆ ಮೊದಲನೆಯದರ ಮರೆಯಲ್ಲಿ ಹಟವೂ, ಎರಡನೆಯದರ ಮರೆಯಲ್ಲಿ ಆಲಸ್ಯವೂ ಸುಲಭವಾಗಿ ಅಡಗಿಕೊಳ್ಳುತ್ತವೆ. ಪ್ರಾಣಾಂತಿಕವಾದ ರೋಗಗಳ ವಿಷಯವನ್ನು ಆಚಾರ್ಯರು ವಿಚಾರಿಸಿ ಹೇಳಿದ್ದಾರೆ. ಗೃಹಸ್ಥರನ್ನು ವರ್ಷವರ್ಷವೂ ಪರೀಕ್ಷಿಸುವುದಾದರೋ ಸಣ್ಣ ರೋಗಗಳು. ಅಂಥವುಗಳಲ್ಲಿ ಪೀನಸವೂ ಒಂದು. ಇಂದಿನ ರೂಢಿಯಲ್ಲಿ ಅದು ಸೈನಸ್ ಸೋಂಕು.

ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆಯ ಬೆಟ್ಟಗಳಲ್ಲಿ ಮುಂಗಾರು ಹಿಡಿದ ಮೇಲೆ ಬಿಸಿಲು ಕಾಣುವುದು ಅಪರೂಪ. ಹೇಮಾವತಿ ತುಂಬಿ ಹರಿಯುವ, ಕಾಫಿ ಏಲಕ್ಕಿ ತೋಟಗಳು ಮಂಜಿನಲ್ಲಿ ಮುಳುಗುವ ಆ ದಿನಗಳಲ್ಲಿ ಗೋಡೆಗಳು ತೇವವಾಗುತ್ತವೆ, ಮಡಿಬಟ್ಟೆ ಒಣಗುವುದಿಲ್ಲ, ಮೂಲೆಗಳಲ್ಲಿ ಬೂಷ್ಟು ಹಿಡಿಯುತ್ತದೆ, ಬಚ್ಚಲೊಲೆಯ ಹೊಗೆ ಒಳಗೇ ಸುತ್ತುತ್ತದೆ. ಮೂಗಿನ ಒಳಪೊರೆ ಕೆರಳುವುದಕ್ಕೆ ಇಷ್ಟು ಸಾಕು. ದಶಲಕ್ಷಣ ಪರ್ವವೂ ಇಂಥ ಋತುವಿನಲ್ಲಿಯೇ, ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ, ಬರುತ್ತದೆ. ಉತ್ತಮ ಕ್ಷಮೆಯ ದಿನ ಆರಂಭವಾದ ನೆಗಡಿ ಉತ್ತಮ ತಪದ ದಿನದ ಹೊತ್ತಿಗೆ ಹಣೆಗೆ ಏರಿರುತ್ತದೆ.

ಅಲ್ಲಿಯ ತೋಟದ ಮನೆಯೊಂದರ ಶ್ರಾವಿಕೆಯನ್ನು ಭಾವಿಸಿಕೊಳ್ಳಬಹುದು. ಕೆನ್ನೆಯೆಲುಬು ಮುಟ್ಟಿದರೆ ನೋವು, ಬಗ್ಗಿ ವಂದಿಸಿದರೆ ತಲೆ ಸಿಡಿಯುತ್ತದೆ, ಉಸಿರು ಬಾಯಿಯಿಂದಲೇ. ಅನಂತ ಚತುರ್ದಶಿಯ ಉಪವಾಸವನ್ನು ಆಕೆ ಹಲವು ವರ್ಷಗಳಿಂದ ತಪ್ಪಿಸಿದವಳಲ್ಲ. ಮಗ ಪೇಟೆಯಿಂದ ಮಾತ್ರೆ ತಂದಿದ್ದಾನೆ. ಅತ್ತೆಯವರು ಮೂಗಿಗೆ ಉಪ್ಪುನೀರು ಹಾಕಿಕೊಳ್ಳಲು ಹೇಳುತ್ತಾರೆ. ನೆರೆಯವರು ಹಸಿಶುಂಠಿಯ ರಸಕ್ಕೆ ಜೇನು ಬೆರೆಸಿ ತಂದಿದ್ದಾರೆ. ಇವುಗಳಲ್ಲಿ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ?

ಮೊದಲು ರೋಗದ ಸ್ವರೂಪವನ್ನು ತಿಳಿಯಬೇಕು. ಹಣೆ, ಕೆನ್ನೆ, ಕಣ್ಣುಗಳ ನಡುವೆ ಮತ್ತು ಮೂಗಿನ ಹಿಂಬದಿಯ ಎಲುಬುಗಳಲ್ಲಿ ನಾಲ್ಕು ಜೊತೆ ಗಾಳಿಗೂಡುಗಳಿವೆ. ನೆಗಡಿಯಿಂದ ಅವುಗಳ ಕಿರುದಾರಿ ಊದಿ ಮುಚ್ಚಿದಾಗ ಲೋಳೆ ಒಳಗೇ ನಿಂತು ಒತ್ತಡವನ್ನುಂಟುಮಾಡುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಇದಕ್ಕೆ ವೈರಸ್ಸೇ ಕಾರಣ. 7ರಿಂದ 10 ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ವೈರಸ್ಸಿನ ಮೇಲೆ ಆಂಟಿಬಯೋಟಿಕ್ ಮಾತ್ರೆಗೆ ಪ್ರಭಾವವಿಲ್ಲ. 10 ದಿನ ಕಳೆದರೂ ಇಳಿಯದಿದ್ದರೆ, ಇಳಿದಂತೆ ತೋರಿ ಮರಳಿ ಉಲ್ಬಣಿಸಿದರೆ ವೈದ್ಯರನ್ನು ಕಾಣತಕ್ಕದ್ದು. ಕಣ್ಣಿನ ಸುತ್ತ ಬಾವು, ಒಂದು ಎರಡಾಗಿ ಕಾಣುವುದು, ಕತ್ತು ಬಿಗಿಯುವುದು, ಸಹಿಸಲಾಗದ ತಲೆನೋವು ಕಂಡರೆ ಒಂದು ಗಳಿಗೆಯೂ ತಡಮಾಡಬಾರದು. ಆದಕಾರಣ ವೈದ್ಯರನ್ನು ಕೇಳದೆ ಮಗ ತಂದ ಮಾತ್ರೆ ಮೊದಲ ದಿನಗಳಲ್ಲಿ ಅನಾವಶ್ಯಕವಾದುದು. ಪ್ರಯೋಜನವಿಲ್ಲದೆ ಜೀವಘಾತ ಮಾಡುವುದನ್ನು ಅನರ್ಥದಂಡವೆಂದು ಕರೆದ ಧರ್ಮಕ್ಕೆ ಈ ವೈದ್ಯವಿವೇಕ ಹೊಸದೇನಲ್ಲ.

ನೆರೆಯವರ ಔಷಧಿಯಲ್ಲಿ ಜೇನು ಮೂಲಗುಣಕ್ಕೆ ವಿರುದ್ಧ, ಹಸಿಶುಂಠಿ ಅನಂತಕಾಯ. ಅದರ ಸ್ಥಾನದಲ್ಲಿ ಒಣಶುಂಠಿ, ಮೆಣಸುಗಳ ಕಷಾಯ ನಮ್ಮ ಮನೆಗಳಲ್ಲಿ ಸಲ್ಲುತ್ತದೆ. ಮದ್ಯ, ಮಾಂಸ, ಮಧುಗಳಿಲ್ಲದೆ ಚಿಕಿತ್ಸೆ ಸಾಧ್ಯವೆಂಬುದು ಜೈನ ವೈದ್ಯರ ಹಳೆಯ ಪ್ರತಿಜ್ಞೆ. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವೂ, 12ನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವೂ ಅದೇ ಮಾರ್ಗದವು. ಇಂದು ವೈದ್ಯರು ಮಾತ್ರೆ ಬರೆದಾಗಲೂ ವಿಚಾರಿಸಲು ಅವಕಾಶವಿದೆ. ಕ್ಯಾಪ್ಸೂಲಿನ ಕವಚ ಬಹುಮಟ್ಟಿಗೆ ಪ್ರಾಣಿಮೂಲದ ಜೆಲಟಿನ್ನಿನದು; ಅದೇ ಔಷಧಿ ಮಾತ್ರೆಯ ರೂಪದಲ್ಲಿ ದೊರೆಯುವುದೇ ಎಂದು ಕೇಳಬಹುದು. ಭಾದ್ರಪದದಲ್ಲಿ ಹಗಲು ಸುಮಾರು 12 ಗಂಟೆಯಾದುದರಿಂದ ದಿನಕ್ಕೆ ಎರಡು ಸಲದ ಔಷಧಿಯನ್ನು ಸೂರ್ಯೋದಯದ ನಂತರ ಒಮ್ಮೆ, ಅಸ್ತಮಾನಕ್ಕೆ ಮೊದಲು ಒಮ್ಮೆ ತೆಗೆದುಕೊಳ್ಳಬಹುದೇ ಎಂದೂ ಕೇಳಬಹುದು. ಸಂಕೋಚದಿಂದ ಕೇಳದೆ ಬಂದು, ಮನೆಯಲ್ಲಿ ಮಾತ್ರೆಯನ್ನು ಮೂಲೆಗಿಡುವುದು ವ್ರತವೂ ಅಲ್ಲ, ಚಿಕಿತ್ಸೆಯೂ ಅಲ್ಲ.

ಉಳಿದುದು ಉಪ್ಪುನೀರು. ಹಬೆಯಿಂದ ಕ್ಷಣಕಾಲ ಹಿತವಾಗುತ್ತದೆ. ಲೋಳೆಯನ್ನು ತೊಳೆಯುವುದು ಉಪ್ಪುನೀರು. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಬೆರೆತರೆ ಅದು ಶರೀರದ ದ್ರವಕ್ಕೆ ಸಮನಾಗಿ ಉರಿ ಕೊಡುವುದಿಲ್ಲ. ಆದರೆ ನೀರು ಕುದಿಸಿ ಆರಿಸಿದ್ದೇ ಆಗಿರಬೇಕು. ಸಿಹಿನೀರಿನ ಒಂದು ಬಗೆಯ ಅಮೀಬ ಮೂಗಿನ ಮೂಲಕ ಮೆದುಳಿಗೆ ಏರಿ ಮರಣ ತರಬಲ್ಲದು. ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಇಂಥ ಮೆದುಳುಜ್ವರದ ಹಲವು ಪ್ರಕರಣಗಳು ಕಂಡುಬಂದವು. ನೀರನ್ನು ಸೋಸಿ ಕಾಯಿಸಿ ಬಳಸುವ ಶ್ರಾವಕಾಚಾರವು ಪರಜೀವದಯೆಗಾಗಿ ಹುಟ್ಟಿದ್ದು. ಇಲ್ಲಿ ಅದೇ ಆಚಾರ ಸ್ವಜೀವವನ್ನೂ ಕಾಯುತ್ತದೆ.

ಇಷ್ಟರವರೆಗೆ ವ್ರತಕ್ಕೂ ಚಿಕಿತ್ಸೆಗೂ ವೈರವಿಲ್ಲ. ಗಂಟು ಬೀಳುವುದು ಚತುರ್ದಶಿಯ ದಿನ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದ ದಿನ ಬಿಡಬೇಕಾದವುಗಳನ್ನು ಎಣಿಸುವಾಗ ಅಲಂಕಾರ, ಗಂಧ, ಪುಷ್ಪ, ಸ್ನಾನ, ಅಂಜನಗಳೊಡನೆ ನಸ್ಯವನ್ನೂ ಹೆಸರಿಸಿದ್ದಾರೆ. ನಸ್ಯವೆಂದರೆ ಮೂಗಿಗೆ ಹಾಕುವುದು. ‘ಅದು ಸುಖಕ್ಕಾಗಿ ಮಾಡುವ ನಸ್ಯದ ಮಾತು, ಇದು ರೋಗಕ್ಕಾಗಿ’ ಎಂದು ವಾದಿಸಲು ಸಾಧ್ಯವಿದೆ. ವಾದದಲ್ಲಿ ಸ್ವಲ್ಪ ಹುರುಳೂ ಇದೆ. ಆದರೆ ಹೀಗೆ ಶಬ್ದವನ್ನು ಹಿಗ್ಗಿಸುವ ಅಭ್ಯಾಸವೇ ಅಪಾಯಕರ. ಇಂದು ನಸ್ಯ ನಸ್ಯವಲ್ಲವೆಂದವರು ನಾಳೆ ಕಷಾಯ ಆಹಾರವಲ್ಲವೆನ್ನಲು ಹಿಂಜರಿಯರು. ವ್ರತದ ಹೆಸರು ಉಳಿದು ಒಳಗಿನ ಸತ್ಯ ಸವೆದುಹೋಗುತ್ತದೆ.

ಹಾಗಾದರೆ ಆ ಶ್ರಾವಿಕೆ ನರಳುತ್ತ ನಿರ್ಜಲ ಉಪವಾಸವನ್ನೇ ಮಾಡಬೇಕೆ? ಶಾಸ್ತ್ರ ಹಾಗೂ ಹೇಳುವುದಿಲ್ಲ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪಗಳೆರಡಕ್ಕೂ ‘ಶಕ್ತಿತಃ’ ಎಂಬ ವಿಶೇಷಣವಿದೆ. ಶಕ್ತಿಯನ್ನು ಮರೆಮಾಚದೆ, ಶಕ್ತಿಯನ್ನು ಮೀರದೆ ಎಂದು ಅದರ ತಾತ್ಪರ್ಯ. ವೇದನೆಯನ್ನೇ ಚಿಂತಿಸುತ್ತ ಕೂರುವುದನ್ನು ತತ್ತ್ವಾರ್ಥಸೂತ್ರವು ಆರ್ತಧ್ಯಾನದ ಭೇದಗಳಲ್ಲಿ ಎಣಿಸಿದೆ. ಹೊಟ್ಟೆ ಬರಿದಾಗಿ, ಚಿತ್ತವೆಲ್ಲ ಹಣೆಯ ನೋವಿನಲ್ಲಿ ತುಂಬಿದ್ದರೆ ಆ ಉಪವಾಸದಿಂದ ನಿರ್ಜರೆ ಎಲ್ಲಿಯದು? ಆದುದರಿಂದ ಸಂಕಲ್ಪಕ್ಕೆ ಮೊದಲೇ ಆಕೆ ಜಿನಬಿಂಬದ ಮುಂದೆ, ‘ಈ ವರ್ಷ ಉಪವಾಸವಿಲ್ಲ, ಏಕಾಶನ’ ಎಂದು ಪ್ರಕಟವಾಗಿ ಹೇಳಬಹುದು. ಹಿರಿಯ ವ್ರತವನ್ನು ಒಳಗಿಂದೊಳಗೆ ಸಡಿಲಿಸುವುದಕ್ಕಿಂತ ಕಿರಿಯ ವ್ರತವನ್ನು ಪೂರ್ಣವಾಗಿ ಪಾಲಿಸುವುದು ಶ್ರೇಯಸ್ಕರ. ಸಂಕಲ್ಪವಾದ ಮೇಲೆ ರೋಗ ಉಲ್ಬಣಿಸಿದರೆ ಗುರುಗಳಲ್ಲಿ ನಿವೇದಿಸಿ, ಚಿಕಿತ್ಸೆ ಪಡೆದು, ಪ್ರಾಯಶ್ಚಿತ್ತದಿಂದ ಶುದ್ಧಳಾಗುವ ಮಾರ್ಗ ತೆರೆದೇ ಇದೆ.

ಈ ಮಾರ್ಗಕ್ಕೆ ಸಮಂತಭದ್ರರ ಜೀವನವೇ ಸಾಕ್ಷಿ. ಅವರಿಗೆ ಭಸ್ಮಕ ವ್ಯಾಧಿ ಅಂಟಿದ ಕಥೆಯನ್ನು 19ನೆಯ ಶತಮಾನದ ದೇವಚಂದ್ರನ ರಾಜಾವಳೀ ಕಥೆಯೂ ಹೇಳುತ್ತದೆ. ಎಷ್ಟು ಉಂಡರೂ ತಣಿಯದ ಹಸಿವಿನಿಂದ ಮುನಿಚರ್ಯೆ ಅಸಾಧ್ಯವಾದಾಗ ಅವರು ಗುರುಗಳಲ್ಲಿ ಸಲ್ಲೇಖನೆಯ ಅಪ್ಪಣೆ ಬೇಡಿದರು. ಗುರುಗಳು ಒಪ್ಪಲಿಲ್ಲ, ಮುನಿವೇಷವನ್ನು ಬಿಟ್ಟು, ರೋಗವನ್ನು ಗುಣಪಡಿಸಿಕೊಂಡು, ಮರಳಿ ದೀಕ್ಷೆ ಪಡೆಯಲು ಆಜ್ಞಾಪಿಸಿದರು. ವೇಷವನ್ನು ಇಟ್ಟುಕೊಂಡೇ ನಿಯಮವನ್ನು ಸಡಿಲಿಸು ಎಂದು ಗುರುಗಳು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಮುಂದೆ ಅದೇ ಆಚಾರ್ಯರು ಸಲ್ಲೇಖನೆಯ ಲಕ್ಷಣವನ್ನು ಹೇಳುವಾಗ, ಪ್ರತೀಕಾರವಿಲ್ಲದ ರೋಗಕ್ಕೆ ಮಾತ್ರ ಅದನ್ನು ವಿಧಿಸಿದರು. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರ ಮಾಡಿಕೊಳ್ಳುವುದು ಗೃಹಸ್ಥನಿಗೆ ದೌರ್ಬಲ್ಯವಲ್ಲವೆಂದು ಇದರಿಂದ ಸಿದ್ಧವಾಗುತ್ತದೆ.

ಮನೆಯವರಿಗೂ ಇಲ್ಲಿ ಕರ್ತವ್ಯವಿದೆ. ‘ಈ ವರ್ಷ ಉಪವಾಸ ಬಿಟ್ಟಳಂತೆ’ ಎಂಬ ಒಂದು ಮಾತು ರೋಗಿಯನ್ನು ಹಟಕ್ಕೆ ತಳ್ಳಬಲ್ಲದು. ಸಿಂಬಳ, ಕಫಗಳಿಗೆ ಹೇಸದಿರುವುದು ನಿರ್ವಿಚಿಕಿತ್ಸೆ. ಅದು ಸಮ್ಯಗ್ದರ್ಶನದ ಅಂಗವೆಂದು ಉದ್ದಾಯನ ರಾಜನ ಕಥೆಯಿಂದ ಎಲ್ಲರೂ ಬಲ್ಲರು. ನೀರು ಕಾಯಿಸಿ ಕೊಡುವುದು, ಬೂಷ್ಟು ಹಿಡಿದ ಕೋಣೆಗೆ ಗಾಳಿ ಬರುವಂತೆ ಮಾಡುವುದು, ಹೊಗೆಯಿಂದ ದೂರ ಹಾಸಿಗೆ ಹಾಕುವುದು, ಇವು ಔಷಧದಾನದ ಮನೆಯೊಳಗಿನ ರೂಪಗಳು.

ಹತ್ತು ಹನ್ನೆರಡು ದಿನಗಳಲ್ಲಿ ಮೂಗು ಬಿಡುತ್ತದೆ, ಹಣೆ ಹಗುರವಾಗುತ್ತದೆ. ಗುಣವಾದವರಿಗೆ ಆಗ ಇನ್ನೊಂದು ಪ್ರಶ್ನೆ ಕಾದಿರುತ್ತದೆ. ರೋಗಕ್ಕಾಗಿ ಇಳಿಸಿದ ವ್ರತವನ್ನು ರೋಗ ಹೋದ ಮೇಲೂ ಇಳಿಸಿಯೇ ಇಡುವುದಾದರೆ ಹಿಂದೆ ಹೇಳಿದ ಕಾರಣ ಬರಿಯ ನೆವವಾಯಿತು. ಮುಂದಿನ ಅಷ್ಟಮಿಯಂದು, ಸರಾಗವಾದ ಉಸಿರಿನಲ್ಲಿ, ತನ್ನ ಶಕ್ತಿಗೆ ತಕ್ಕ ಉಪವಾಸವನ್ನು ಆಕೆ ಮತ್ತೆ ಕೈಗೊಂಡರೆ ಚತುರ್ದಶಿಯ ಏಕಾಶನವೂ ತಪವೇ ಆಗಿತ್ತೆಂದು ಸ್ಥಿರಪಡುತ್ತದೆ.