ಹಿಂತಿರುಗಿದ ಯೋಧನ ಸ್ಮರಣೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ಸಂಚರಿಸುವವರಿಗೆ ಊರ ಮುಂದೆಯೋ ಕೆರೆಯ ಏರಿಯ ಮೇಲೆಯೋ ಅರ್ಧ ಹೂತುಹೋದ ವೀರಗಲ್ಲುಗಳು ಕಾಣಸಿಗುವುವು. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಶಿವಸಾನ್ನಿಧ್ಯ. ಊರಿನವರು ಅದಕ್ಕೆ ಎಣ್ಣೆ ಹಚ್ಚುವರು, ಕುಂಕುಮವಿಡುವರು. ಸತ್ತವನು ಯಾರೆಂದು ಕೇಳಿದರೆ ಹೇಳಬಲ್ಲವರು ವಿರಳ. ಅದಂತಿರಲಿ. ಆ ಮೂರು ಪಟ್ಟಿಕೆಗಳಲ್ಲಿ ಇಲ್ಲದುದೊಂದುಂಟು, ಅದು ಮನೆ. ಯುದ್ಧಕ್ಕೆ ಹೋಗಿ ಬದುಕಿ ಬಂದು, ಮಕ್ಕಳನ್ನು ಸಾಕಿ, ಮೊಮ್ಮಕ್ಕಳನ್ನು ತೊಡೆಯ ಮೇಲೆ ಆಡಿಸಿ, ಮುಪ್ಪಿನಲ್ಲಿ ಹಾಸಿಗೆಯ ಮೇಲೆ ಸತ್ತವನಿಗೆ ಸಾಮಾನ್ಯವಾಗಿ ಕಲ್ಲು ನಿಲ್ಲಲಿಲ್ಲ. ಅವನ ಸ್ಮರಣೆಯು ಮಕ್ಕಳ ಪಾಲಿಗೆ ಬಿಟ್ಟದ್ದು. ಆ ಋಣವನ್ನು ಅವರು ಹೇಗೆ ತೀರಿಸಬೇಕೆಂಬುದೇ ಇಲ್ಲಿ ವಿಚಾರಣೀಯವಾದ ವಿಷಯವು.

ಮೈಸೂರು ಸಂಸ್ಥಾನದ ಸೇನೆಯ ಚರಿತ್ರೆಯಲ್ಲಿ ಎರಡು ದಿನಗಳನ್ನು ಜೊತೆಯಾಗಿ ನೆನೆಯಬೇಕು. ೧೯೧೮ನೆಯ ಇಸವಿ ಸೆಪ್ಟೆಂಬರ್ ೨೩ರಂದು ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳವು ಜೋಧಪುರದ ಸವಾರರೊಡನೆ ಕೂಡಿ ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದಿತು. ಫಿರಂಗಿ, ಮೆಷಿನ್ ಗನ್ನುಗಳಿಗೆ ಇದಿರಾಗಿ ಹೋದವರು ಈಟಿ ಹಿಡಿದ ಕುದುರೆ ಸವಾರರು; ಕಾರ್ಮೆಲ್ ಬೆಟ್ಟದ ಕಡಿದಾದ ದಾರಿಯನ್ನು ಹತ್ತಿದವರು ಮೈಸೂರಿನವರು. ೧೯೨೨ರಲ್ಲಿ ದೆಹಲಿಯಲ್ಲಿ ನಿಲ್ಲಿಸಿದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರರ ಗುರುತು. ಇನ್ನೊಂದು ದಿನ ೧೯೪೨ನೆಯ ಫೆಬ್ರವರಿ ೧೫. ಅಂದು ಸಿಂಗಪುರದ ಶರಣಾಗತಿಯಲ್ಲಿ ಮೈಸೂರಿನ ಕಾಲಾಳುಗಳ ದಳವೂ ಸಿಕ್ಕಿತು. ಸೆರೆಸಿಕ್ಕ ಭಾರತೀಯರಲ್ಲಿ ಅನೇಕರು ಆಜಾದ್ ಹಿಂದ್ ಫೌಜನ್ನು ಸೇರಿದರು. ಅನೇಕರು ಸೇರದೆ ೧೯೪೫ರವರೆಗೆ ಸೆರೆಯಲ್ಲಿಯೇ ನವೆದರು. ಶರಣಾಗತಿಗೆ ಪ್ರತಿಮೆಯನ್ನು ನಿಲ್ಲಿಸುವವರು ಯಾರು?

ಹೀಗೆ ದುಡಿದು ಬಂದ ಹಿರಿಯನೊಬ್ಬನ ಮನೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಕೋಳಿ ಕೂಗುವ ಮುನ್ನ ಅವನು ಏಳುವನು. ಕಂಬಳಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುವನು. ಬಾಗಿಲಲ್ಲಿ ಮೆಟ್ಟುಗಳು ಸಾಲು ತಪ್ಪಿದರೆ ಗದರುವನು. ಪಿಂಚಣಿಯ ದಿನ ಮೀಸೆ ತಿದ್ದಿಕೊಂಡು ಪೇಟೆಗೆ ಹೋಗಿ, ಬರುವಾಗ ಮಕ್ಕಳಿಗೆ ಕಡಲೆಪುರಿ ತರುವನು. “ತಾತ, ನೀನು ಎಷ್ಟು ಜನರನ್ನು ಕೊಂದೆ?” ಎಂದು ಮೊಮ್ಮಗನು ಕೇಳಿದರೆ, “ಹೋಗೋ, ಎಮ್ಮೆಗೆ ನೀರು ಕುಡಿಸು” ಎನ್ನುವನು. ಅವನು ಸತ್ತ ಮೇಲೆ ಆ ಪ್ರಶ್ನೆಗೆ ಉತ್ತರಗಳು ಹುಟ್ಟುವುವು. ವೈಕುಂಠಸಮಾರಾಧನೆಯ ದಿನ ಬಂಧುಗಳ ಬಾಯಲ್ಲಿ ಒಬ್ಬ ಶತ್ರುವು ಹತ್ತಾಗುವನು. ವರ್ಷ ತುಂಬುವುದರೊಳಗೆ ಹತ್ತು ನೂರಾಗುವುದು.

ಪ್ರೀತಿಯಿಂದಾಡುವ ಅತ್ಯುಕ್ತಿಯಲ್ಲಿ ದೋಷವೇನು ಎಂದು ಕೆಲವರು ಕೇಳಿಯಾರು. ದೋಷವುಂಟು. ಹೈಫಾದಿಂದ ಬಂದವನ ಮೊಮ್ಮಗನು ಎದೆಯುಬ್ಬಿಸಿದಷ್ಟೂ ಸಿಂಗಪುರದಿಂದ ಬಂದವನ ಮೊಮ್ಮಗನು ತಲೆ ತಗ್ಗಿಸಬೇಕಾಗುವುದು. ಇಬ್ಬರ ಹಿರಿಯರೂ ಒಂದೇ ಸಂಸ್ಥಾನದ ಅನ್ನವನ್ನುಂಡವರು, ಅಪ್ಪಣೆಯಾದಲ್ಲಿಗೆ ನಡೆದವರು. ಗೆಲವು ಸೋಲುಗಳು ಸಿಪಾಯಿಯ ಕೈಯಲ್ಲಿದ್ದುವೆ? ಆ ಯುದ್ಧಗಳು ಪರರ ಚಕ್ರಾಧಿಪತ್ಯದವೆಂಬ ಮಾತನ್ನೂ ಮರೆಮಾಡಲಾಗದು. ಇದೆಲ್ಲಕ್ಕಿಂತ ದೊಡ್ಡ ನಷ್ಟವೆಂದರೆ, ಕಂಬಳಿ ಮಡಿಸಿದ ಆ ಮನುಷ್ಯನು ಕಟ್ಟುಕಥೆಯ ಹಿಂದೆ ಮರೆಯಾಗಿ, ಮನೆಯವರ ನೆನಪಿನಲ್ಲಿ ಅಪರಿಚಿತನೊಬ್ಬನು ಬಂದು ಕುಳಿತುಕೊಳ್ಳುವನು.

ಸತ್ತವರ ವಿಷಯದಲ್ಲಿ ಸತ್ಯವೇತಕ್ಕೆ ಎಂಬವರು ಭಾರತದ ಸ್ತ್ರೀಪರ್ವವನ್ನು ನೆನೆಯಬೇಕು. ಯುದ್ಧವು ಮುಗಿದು ಗಂಗೆಯ ತಡಿಯಲ್ಲಿ ಜಲದಾನವು ನಡೆಯುತ್ತಿರುವಾಗ, ಕುಂತಿಯು ಅದುವರೆಗೆ ಬಚ್ಚಿಟ್ಟ ಮಾತನ್ನು ಹೊರಗೆಡಹುವಳು. ಕರ್ಣನು ಪಾಂಡವರ ಹಿರಿಯಣ್ಣನು. ಅವನಿಗೂ ನೀರು ಬಿಡಬೇಕು. ಆ ಸತ್ಯದಿಂದ ಯಾರಿಗೂ ಸುಖವಾಗಲಿಲ್ಲ, ಧರ್ಮಜನು ಬೆಂದುಹೋದನು. ಆದರೂ ಆ ಮಾತನ್ನು ನುಂಗಿಕೊಂಡಿದ್ದರೆ ತಮ್ಮಂದಿರು ಬಿಟ್ಟ ನೀರು ಅಣ್ಣನಿಗೆ ಮುಟ್ಟುತ್ತಿತ್ತೆ?

ಹಾಗೆಂದು ತಂದೆಯು ಮುಚ್ಚಿಟ್ಟುದನ್ನೆಲ್ಲ ಕೆದಕಬೇಕೆಂದಲ್ಲ. ಕುಂತಿಯು ಹೇಳಿದುದು ತಾನು ಬಲ್ಲ ಮಾತು. ಧರ್ಮರಾಯನಿಗಾದರೋ ತನ್ನ ಶೋಕವನ್ನು ತೋಡಿಕೊಳ್ಳಲು ತಮ್ಮಂದಿರಿದ್ದರು, ವ್ಯಾಸರಿದ್ದರು, ಶರತಲ್ಪದ ಮೇಲೆ ಭೀಷ್ಮರಿದ್ದರು. ಶಾಂತಿಪರ್ವದಂತಹ ದೊಡ್ಡ ಪರ್ವವೇ ಅದರಿಂದ ಬೆಳೆಯಿತು. ಪರದೇಶದಲ್ಲಿ ಸಂಗಡಿಗನನ್ನು ಮಣ್ಣುಮಾಡಿ ಬಂದ ಸಿಪಾಯಿಗೆ ಊರಿನಲ್ಲಿ ಯಾರಿದ್ದರು? ಮಳೆ ಬಂದಿತೆ, ಕೆರೆಗೆ ನೀರು ಬಂದಿತೆ ಎಂಬುದೇ ಈ ಬಯಲುಸೀಮೆಯ ಮಾತು. ಅವನ ಮೌನದಲ್ಲಿ ಅಡಗಿದ್ದುದು ಪರಾಕ್ರಮವೋ, ಭಯವೋ, ಪಶ್ಚಾತ್ತಾಪವೋ ಮಗನು ಅರಿಯನು. ಅರಿಯದ ಸ್ಥಳವನ್ನು ಬರಿದಾಗಿಯೇ ಬಿಡುವುದೂ ಪಿತೃಭಕ್ತಿಯ ಒಂದು ಅಂಗವು.

ಬದುಕಿ ಬಂದ ಯೋಧನನ್ನು ಯಾವುದರಿಂದ ನೆನೆಯಬೇಕೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಒಂದು ಕಲ್ಲುಂಟು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಸುಮಾರು ಕ್ರಿ. ಶ. ೯೪೯ರ ಆ ಶಾಸನವು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮಣಲೆರನೆಂಬವನು ತಕ್ಕೋಲದಲ್ಲಿ ಚೋಳರೊಡನೆ ಕಾದಿ ಬಂದನು. ಗಂಗರ ದೊರೆಯಾದ ಇಮ್ಮಡಿ ಬೂತುಗನು ಮೆಚ್ಚಿ, ಬೇಡಿಕೊಳ್ಳೆಂದಾಗ ಅವನು ಬೇಡಿದುದು ಕಾಳಿ ಎಂಬ ನಾಯಿಯನ್ನು! ಮುಂದೆ ಆ ಕಾಳಿಯು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಅದರ ನೆನಪಿಗೆ ನಿಲ್ಲಿಸಿದ ಕಲ್ಲಿನಲ್ಲಿ ಚೋಳಯುದ್ಧವು ಅಕ್ಷರಗಳಲ್ಲಿ ಮಾತ್ರ ಉಂಟು. ಶಿಲ್ಪಿಯು ಕಡೆದಿರುವುದು ನಾಯಿಯನ್ನೂ ಹಂದಿಯನ್ನೂ. ಸಾವಿರ ವರ್ಷಗಳಾಚೆಯ ಆ ಸೈನಿಕನು ಇಂದಿಗೂ ಆಪ್ತನೆನಿಸುವುದು ಆ ಬೇಡಿಕೆಯಿಂದಲೇ ಅಲ್ಲವೆ?

ಶ್ರಾದ್ಧದಲ್ಲಿ ತಂದೆ, ತಾತ, ಮುತ್ತಾತರನ್ನು ವಸು, ರುದ್ರ, ಆದಿತ್ಯರ ರೂಪದಲ್ಲಿ ಕರೆಯುವರು. ಅಲ್ಲಿ ಹೆಸರೂ ಗೋತ್ರವೂ ಬರುವುವಲ್ಲದೆ ಬಿರುದುಗಳು ಬರುವುದಿಲ್ಲ. ಮಹಾಲಯ ಅಮಾವಾಸ್ಯೆಯಂದು ಈ ಸೀಮೆಯ ಮನೆಗಳಲ್ಲಿ ಹಿರಿಯರಿಗೆ ಎಡೆಯಿಡುವಾಗ, ಸತ್ತವರಿಗೆ ಪ್ರಿಯವಾಗಿದ್ದುದನ್ನೇ ಆರಿಸಿ ಇಡುವರು. ಸಿಪಾಯಿ ತಾತನ ಎಡೆಗೆಂದು ಮಗನು ಪೆಟ್ಟಿಗೆಯಿಂದ ಪದಕವನ್ನು ತೆಗೆದರೆ ಮುದುಕಿಯಾದ ತಾಯಿಯು, “ಅದು ಅಲ್ಲೇ ಇರಲಿ ಬಿಡಪ್ಪ. ನಿಮ್ಮಪ್ಪನಿಗೆ ಕಾಫಿ ಬಿಸಿಯಾಗಿರಬೇಕು, ಆರುವುದರೊಳಗೆ ತಂದಿಡು” ಎನ್ನುವಳು.