ಮಗು ಎತ್ತಿಕೊಂಡವಳ ಮೇಲೆ ಊರ ಕಣ್ಣು

ಭಾಗಮಂಡಲದಿಂದ ಕರಿಕೆಗೆ ಇಳಿಯುವ ಬಸ್ಸಿನಲ್ಲಿ ಮಗು ಅತ್ತರೆ ಮುಂದಿನ ಸೀಟಿನ ಹೆಂಗಸು ತಿರುಗಿ ಕೇಳುವ ಮೊದಲ ಮಾತು, ‘ಯಾರ ಮನೆ ಮಗು?’ ಕಾಡಿನೊಳಗೆ ತಿರುವಿನ ಮೇಲೆ ತಿರುವು. ದೊಡ್ಡವರಿಗೇ ಹೊಟ್ಟೆ ತೊಳಸುವ ದಾರಿ. ‘ಇಷ್ಟು ತಿನ್ನಿಸಿ ಕರೆತರುತ್ತಾರೇನಮ್ಮಾ?’ ಎಂದು ಗದರುತ್ತಲೇ ಅವಳು ಕೈ ಚಾಚಿ ಮಗುವನ್ನು ತನ್ನ ತೊಡೆಗೆ ಎಳೆದುಕೊಳ್ಳುತ್ತಾಳೆ. ಎತ್ತಿಕೊಂಡು ಬಂದವಳು ತಾಯಿಯೋ, ಚಿಕ್ಕಮ್ಮನೋ, ಸಂಬಳಕ್ಕೆ ಮಗು ನೋಡಿಕೊಳ್ಳುವವಳೋ ಎಂಬ ವಿಚಾರಣೆ ಆಮೇಲಿನದು. ಮಡಿಕೇರಿ ತಾಲ್ಲೂಕಿನ ಅಂಚಿನ ಕರಿಕೆಯಲ್ಲಿ, ಅರೆಭಾಷೆ, ಕನ್ನಡ, ಮಲಯಾಳ ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಸುವಲ್ಲಿ, ಬೈಗುಳಕ್ಕೆ ಬರವಿಲ್ಲ. ಆದರೆ ಬೈದ ಬಾಯಿಯ ಜೊತೆ ಒಂದು ಕೈಯೂ ಇರುತ್ತದೆ.

ಅದೇ ಸೀಮೆಯ ಬೆಟ್ಟದ ಮೇಲೆ, ತಲಕಾವೇರಿಗೆ ಬರುವ ಕಾರುಗಳಿಂದ ಇಳಿಯುವ ಸಂಸಾರಗಳಲ್ಲಿ ಈಗೀಗ ಇನ್ನೊಂದು ಜೀವ ಕಾಣುತ್ತದೆ: ಸಂಬಳದ ಆಯಾ. ಮಗುವಿನ ಚೀಲ ಹೆಗಲಿಗೆ, ಮಗು ಸೊಂಟಕ್ಕೆ. ಫೋಟೋ ತೆಗೆಯುವಾಗ ಮಗುವನ್ನು ಕೊಟ್ಟು ಪಕ್ಕಕ್ಕೆ ಸರಿಯುವವಳು. ಹೋಟೆಲಿನಲ್ಲಿ ಎಲ್ಲರ ಊಟ ಮುಗಿಯುವವರೆಗೆ ಮಗುವಿಗೆ ಉಣಿಸುತ್ತಾ ಹೊರಗೆ ಅಡ್ಡಾಡುವವಳು. ಅವಳನ್ನು ಎಲ್ಲರೂ ನೋಡುತ್ತಾರೆ. ತುತ್ತು ದೊಡ್ಡದಾಯಿತು, ಚಳಿಯಲ್ಲಿ ಟೋಪಿ ಹಾಕಿಲ್ಲ, ಮಗು ಅಳುತ್ತಿದ್ದರೂ ಫೋನ್ ನೋಡುತ್ತಿದ್ದಾಳೆ. ಯಾರೂ ಮಗುವನ್ನು ಎತ್ತಿಕೊಳ್ಳುವುದಿಲ್ಲ. ಒಬ್ಬರು ಹೋಗಿ ಯಜಮಾನಿಯ ಕಿವಿಯಲ್ಲಿ ಹೇಳಿ ಬರುತ್ತಾರೆ. ಇನ್ನೊಬ್ಬರು ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಾರೆ.

ಇದರಲ್ಲಿ ಅನ್ಯಾಯವಿದೆ ಎನ್ನುವುದು ನನ್ನ ವಾದ. ದಾರಿಹೋಕರಿಗೆ ಮಾತಾಡುವ ಹಕ್ಕಿಲ್ಲ ಎಂಬ ಕಾರಣಕ್ಕಲ್ಲ. ತೀರ್ಪಿಗೆ ಬೇಕಾದ ಎರಡು ಸಂಗತಿಗಳು ಅಲ್ಲಿ ಇಲ್ಲ ಎಂಬ ಕಾರಣಕ್ಕೆ.

ಒಂದು, ಹೊತ್ತು. ಮಗುವನ್ನು ಸಾಕುವುದು ದಿನವಿಡೀ ಹರಡಿಕೊಂಡ ಕೆಲಸ. ನಸುಕಿನಲ್ಲಿ ಎದ್ದು, ನೂರು ಸಲ ಎತ್ತಿ ಇಳಿಸಿ, ಮೂರು ಸಲ ಬಟ್ಟೆ ಬದಲಿಸಿ, ಮಧ್ಯಾಹ್ನ ಬೆಂಚಿನ ಮೇಲೆ ಎರಡು ನಿಮಿಷ ಕೂತವಳ ಆ ಎರಡು ನಿಮಿಷವೇ ನೋಡುವವನಿಗೆ ಸಿಕ್ಕಿದ್ದು. ಅವಳು ಆ ಫೋನಿನಲ್ಲಿ ತನ್ನದೇ ಮಗುವಿಗೆ ಜ್ವರ ಇಳಿಯಿತೇ ಎಂದು ಕೇಳುತ್ತಿರಬಹುದು. ಬೇರೆಯವರ ಮಗುವನ್ನು ನೋಡಿಕೊಳ್ಳಲು ತನ್ನ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಬಂದವರು ಈ ಕೆಲಸದಲ್ಲಿ ಬಹಳ ಮಂದಿ.

ಎರಡು, ಅಧಿಕಾರ. ಇದೇ ಹೆಚ್ಚು ತೂಕದ್ದು. ‘ಅತ್ತ ಕೂಡಲೇ ಎತ್ತಿಕೊಳ್ಳಬೇಡ, ಅಭ್ಯಾಸವಾಗುತ್ತದೆ’ ಎಂದು ತಾಯಿಯೇ ಹೇಳಿರಬಹುದು. ಸಿಹಿ ಕೊಡಬೇಡ, ಮಣ್ಣಿಗೆ ಬಿಡಬೇಡ, ಇಷ್ಟು ಗಂಟೆಗೇ ಮಲಗಿಸು: ಒಂದೊಂದೂ ಬೇರೆಯವರ ನಿರ್ಧಾರ. ನಿರ್ಧಾರ ಮಾಡುವ ಬಲವಿದ್ದವರ ಮೇಲೆ ಹೊಣೆ ಹೊರಿಸುವುದು ನ್ಯಾಯ. ಆಯಾಳ ಪಾಲಿಗೆ ಹೊಣೆ ಪೂರ್ತಿ, ಅಧಿಕಾರ ಸೊನ್ನೆ. ಎತ್ತಿಕೊಂಡರೆ ಮನೆಯವರ ಬೈಗುಳ, ಎತ್ತಿಕೊಳ್ಳದಿದ್ದರೆ ಊರವರದು. ಚೆನ್ನಾಗಿ ನೋಡಿಕೊಂಡರೂ ಬಿಡುಗಡೆಯಿಲ್ಲ. ಮಗು ತಾಯಿಯ ಕೈಗೆ ಹೋಗದೆ ಇವಳ ಕತ್ತಿಗೇ ಜೋತುಬಿದ್ದರೆ, ‘ಏನೋ ಮಾಡಿಟ್ಟಿದ್ದಾಳೆ’ ಎಂಬ ಅನುಮಾನ.

ಶಿಕ್ಷೆಯೂ ಒಂದೇ ಅಳತೆಯದಲ್ಲ. ಅದೇ ಬೆಂಚಿನಲ್ಲಿ ತಾಯಿ ಫೋನ್ ನೋಡುತ್ತಿದ್ದರೆ ‘ಪಾಪ, ಸುಸ್ತಾಗಿದ್ದಾಳೆ’ ಎನ್ನುತ್ತೇವೆ. ಯಾರಾದರೂ ಟೀಕಿಸಿದರೂ ಅವಳಿಗೆ ಮುಜುಗರವಾದೀತು, ಅಷ್ಟೆ. ಆಯಾಗೆ ಅದೇ ಟೀಕೆಯಿಂದ ಕೆಲಸ ಹೋಗುತ್ತದೆ. ಹೇಳಿದವನು ಆ ಹೊತ್ತಿಗೆ ಊರು ದಾಟಿರುತ್ತಾನೆ. ಆರೋಪಿಯ ಮಾತು ಕೇಳದೆ ತೀರ್ಪು ಕೊಡುವುದನ್ನು ಯಾವ ನ್ಯಾಯಪಂಚಾಯಿತಿಯಲ್ಲೂ ಒಪ್ಪದ ನಾವು ಇಲ್ಲಿ ಅದನ್ನು ಜಾಗರೂಕತೆ ಎಂದು ಕರೆದುಕೊಳ್ಳುತ್ತೇವೆ.

ಇದಕ್ಕೆ ಬರುವ ಎದುರುಮಾತು ಹಗುರವಾದದ್ದಲ್ಲ. ಮಗುವಿಗೆ ಮಾತು ಬರುವುದಿಲ್ಲ. ಕಂಡವರು ಸುಮ್ಮನಿದ್ದರೆ ಅದರ ಪರವಾಗಿ ಹೇಳುವವರು ಯಾರು? ಹೌದು. ಮಗುವನ್ನು ಹೊಡೆಯುವುದು, ರೆಟ್ಟೆ ಹಿಡಿದು ಎಳೆಯುವುದು, ರಸ್ತೆಯಂಚಿನಲ್ಲಿ ಒಂಟಿಯಾಗಿ ಬಿಟ್ಟು ಹೋಗುವುದು, ಇವಕ್ಕೆ ಹಿಂದುಮುಂದು ತಿಳಿಯಬೇಕಾಗಿಲ್ಲ. ಯಾರೇ ಆಗಲಿ, ತಾಯಿಯೇ ಆಗಲಿ, ಕೂಡಲೇ ತಡೆಯಬೇಕು. ಮಕ್ಕಳ ಸಹಾಯವಾಣಿ 1098 ಇರುವುದು ಅದಕ್ಕೇ. ಆದರೆ ಅಪಾಯವನ್ನು ಕಂಡವನು ಓಡಿಬರುತ್ತಾನೆ. ನಿಂತಲ್ಲೇ ನಿಂತು ವಿಡಿಯೋ ತೆಗೆಯುವವನು ತನಗೆ ಕಂಡದ್ದು ಅಪಾಯವೆಂದು ತಾನೇ ನಂಬಿದ್ದಾನೆಯೇ ಎಂದು ಕೇಳಬೇಕಾಗುತ್ತದೆ. ಟೋಪಿ, ತುತ್ತು, ಅಳು, ಇವು ಸಾಕುವ ರೀತಿಯ ಮಾತು. ರೀತಿಯ ಬಗ್ಗೆ ತಾಯಿಗೆ ಹೇಳಲು ಹಿಂಜರಿಯುವುದನ್ನು ಆಯಾಗೆ ಹೇಳಲು ಧೈರ್ಯ ಬರುತ್ತದಾದರೆ ಆ ಧೈರ್ಯ ಬಂದದ್ದು ಮಗುವಿನ ಮೇಲಿನ ಪ್ರೀತಿಯಿಂದಲ್ಲ, ಅವಳ ಸೀರೆ, ಜಾತಿ, ಭಾಷೆ, ಸಂಬಳ ನೋಡಿ.

ಇದು ಹೊಸದೂ ಅಲ್ಲ. ಬ್ರಿಟಿಷ್ ಕುಟುಂಬಗಳ ಮಕ್ಕಳನ್ನು ಹಡಗಿನಲ್ಲಿ ನೋಡಿಕೊಳ್ಳುತ್ತಾ ಭಾರತದ ಆಯಾಗಳು ಇಂಗ್ಲೆಂಡಿನವರೆಗೆ ಹೋದರು. ದಾರಿಯುದ್ದಕ್ಕೂ ಮಗು ಅವಳ ಕೈಯಲ್ಲಿ. ದಡ ಸೇರಿದ ಮೇಲೆ ಎಷ್ಟೋ ಮಂದಿಯನ್ನು ಮರುಪ್ರಯಾಣದ ಟಿಕೆಟ್ಟೂ ಇಲ್ಲದೆ ಕೈಬಿಟ್ಟರು. ಅಂಥವರಿಗಾಗಿ ಲಂಡನ್ನಿನ ಹ್ಯಾಕ್ನಿಯಲ್ಲಿ 1900ರಿಂದ ನಡೆದ ನಿಲಯದ ಗೋಡೆಗೆ ನೆನಪಿನ ನೀಲಿ ಫಲಕ ಹಾಕಿದ್ದು 2022ರಲ್ಲಿ. ಮಗು ಸೊಂಟದಲ್ಲಿರುವಷ್ಟು ಹೊತ್ತು ಅವಳ ಮೇಲೆ ನೂರು ಕಣ್ಣು. ಮಗುವನ್ನು ಇಳಿಸಿದೊಡನೆ ಒಂದೂ ಇಲ್ಲ.

ಮಗು ನೋಡಿಕೊಳ್ಳುವವಳ ಪ್ರಶ್ನೆ ಕೊಡಗಿನ ತೋಟಗಳಿಗೆ ಇನ್ನೂ ಹತ್ತಿರದ್ದು. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ಬೇಕು ಎಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ದೊಡ್ಡ ತೋಟಗಳಿಗೆ ಹೇಳಿತ್ತು. ಉದ್ಯೋಗ ಖಾತರಿಯ 2005ರ ಕಾಯ್ದೆ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬಳನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕು ಎಂದಿತು. ಮಗು ನೋಡುವುದೂ ಮಣ್ಣು ಅಗೆಯುವಷ್ಟೇ ಕೆಲಸ ಎಂದು ಒಪ್ಪಿದ ಆ ಸಾಲು ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಆದರೆ 2017ರ ರಾಷ್ಟ್ರೀಯ ಶಿಶುಪಾಲನಾ ಯೋಜನೆಯಲ್ಲಿ 25 ಮಕ್ಕಳ ಕೇಂದ್ರಕ್ಕೆ ನಿಗದಿಯಾದದ್ದು ಕಾರ್ಯಕರ್ತೆಗೆ ತಿಂಗಳಿಗೆ 3,000 ರೂಪಾಯಿ, ಸಹಾಯಕಿಗೆ 1,500. ಕರ್ನಾಟಕ 2023ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿದಾಗ ಆರು ತಿಂಗಳ ಕೂಸಿಗೂ ಅಲ್ಲಿ ಜಾಗವಿತ್ತು. ಅಲ್ಲಿ ಒಬ್ಬಳ ಮಡಿಲಿಗೆ ಎಷ್ಟು ಕೂಸುಗಳು ಬೀಳುತ್ತವೆ, ಅವಳಿಗೆ ಕೂಲಿ ತಿಂಗಳು ತಿಂಗಳು ಸಿಗುತ್ತದೆಯೇ, ಅವಳು ಊಟ ಮಾಡುವ ಅರ್ಧ ಗಂಟೆ ಮಕ್ಕಳನ್ನು ಹಿಡಿಯಲು ಇನ್ನೊಬ್ಬಳು ಇದ್ದಾಳೆಯೇ ಎಂದು ಯಾವ ದಾರಿಹೋಕನೂ ಇಣುಕಿ ನೋಡುವುದಿಲ್ಲ. ಮಗುವಿನ ಬಗ್ಗೆ ನಿಜವಾಗಿ ಕಳಕಳಿಯಿರುವವರು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ ಪ್ರಶ್ನೆಗಳು ಇವು. ಅದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ, ಯಾರ ಕೆಲಸವೂ ಹೋಗುವುದಿಲ್ಲ.