ಬಾಗಿಲು ಮುಚ್ಚಿದ ಸಮುದ್ರ





ಇಂದಿನ ಚಿಂತನೆ: ಅನಿಚ್ಚ ಮತ್ತು ಅದರ ಕಾರಣ

ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಉಪೋಸಥ ಸುತ್ತ ಓದಿದೆವು. ಮಹಾಸಮುದ್ರದ ಎಂಟು ಗುಣಗಳನ್ನು ಭಗವಾನ್ ಬುದ್ಧರು ಧಮ್ಮಕ್ಕೆ ಹೋಲಿಸಿ ಹೇಳುವ ಸುತ್ತ ಅದು. ಗಂಗೆ, ಯಮುನೆ, ಅಚಿರಾವತಿ, ಸರಭೂ, ಮಹೀ ನದಿಗಳು ಸಮುದ್ರ ಸೇರಿದ ಮೇಲೆ ತಮ್ಮ ಹಳೆಯ ಹೆಸರು ಬಿಡುತ್ತವೆ. ಹಾಗೆಯೇ ನಾಲ್ಕು ವರ್ಣಗಳಿಂದ ಬಂದವರೂ ಸಂಘಕ್ಕೆ ಸೇರಿದ ಮೇಲೆ ಹಳೆಯ ಕುಲದ ಹೆಸರು ಬಿಡುತ್ತಾರೆ. ಸಮುದ್ರಕ್ಕೆ ಒಂದೇ ರುಚಿ, ಉಪ್ಪು. ಧಮ್ಮಕ್ಕೆ ಒಂದೇ ರುಚಿ, ವಿಮುಕ್ತಿ. 1956ರ ಅಕ್ಟೋಬರ್ 15ರಂದು, ದೀಕ್ಷೆಯ ಮರುದಿನ, ನಾಗಪುರದ ಭಾಷಣದಲ್ಲಿ ಬಾಬಾಸಾಹೇಬರು ನಮಗೆ ನೆನಪಿಸಿದ್ದೂ ಇದೇ ನದಿ ಮತ್ತು ಸಮುದ್ರದ ಹೋಲಿಕೆಯನ್ನು.

ಪಾಠ ಮುಗಿದ ಮೇಲೆ ಕಾಲೇಜಿಗೆ ಹೋಗುವ ಒಬ್ಬ ಹುಡುಗ ಕೈ ಎತ್ತಿದ.

"ಸರ್, ಎಲ್ಲವೂ ಅನಿಚ್ಚ ಅಂದ ಮೇಲೆ ಸಮುದ್ರವೂ ಅನಿಚ್ಚ ಅಲ್ವಾ? ಸಮುದ್ರ ಇಲ್ಲವಾಗಿದ್ದು ಎಲ್ಲಾದರೂ ಉಂಟಾ?"

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಪ್ರಶ್ನೆ ಕೇಳಿ ಖುಷಿಯಾಯಿತು. ಅವನಿಗೆ ಹೇಳಿದ್ದನ್ನೇ ಇಂದು ನಿಮಗೂ ಬರೆಯುತ್ತಿದ್ದೇನೆ. ಹೇಳುತ್ತಾ ಹೇಳುತ್ತಾ ಆ ಉತ್ತರ ನನ್ನ ಮನೆಗೇ ಬಂದು ತಟ್ಟಿತು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಸಮುದ್ರ ಇಲ್ಲವಾಗಿದ್ದು ಉಂಟು. ಕಣ್ಣಾರೆ ಕಂಡ ಮನುಷ್ಯರಿಲ್ಲ, ಆದರೆ ಕಲ್ಲಿನಲ್ಲಿ ಅದರ ಲೆಕ್ಕ ಇದೆ.

ಭೂವಿಜ್ಞಾನಿಗಳು ಮಯೋಸೀನ್ ಯುಗ ಎಂದು ಕರೆಯುವ ಕಾಲ ಒಂದಿದೆ. ಸುಮಾರು 2 ಕೋಟಿ 30 ಲಕ್ಷ ವರ್ಷಗಳ ಹಿಂದೆ ಶುರುವಾಗಿ, ಸುಮಾರು 53 ಲಕ್ಷ ವರ್ಷಗಳ ಹಿಂದೆ ಮುಗಿದ ಕಾಲ. ಆಗ ಯುರೋಪಿನ ಆಲ್ಪ್ಸ್ ಬೆಟ್ಟಗಳ ಬುಡದಿಂದ ಮಧ್ಯ ಏಷ್ಯಾದ ಕಡೆಗೆ ಒಂದು ಒಳನಾಡಿನ ಸಮುದ್ರ ಹರಡಿತ್ತು. 1924ರಲ್ಲಿ ವ್ಲಾದಿಮಿರ್ ಲಸ್ಕರೆವ್ ಎಂಬ ವಿಜ್ಞಾನಿ ಅದಕ್ಕೆ ಪ್ಯಾರಾಟೆಥಿಸ್ ಎಂದು ಹೆಸರಿಟ್ಟರು. ಇಂದು ಗೋಧಿ ಬೆಳೆಯುವ, ರೈಲು ಓಡುವ ಹಂಗೇರಿಯ ಬಯಲು ಅಂದು ಆ ನೀರಿನ ತಳ.

ಆ ಸಮುದ್ರದ ಕತೆಯನ್ನು ಪದರು ಶಿಲೆಗಳಲ್ಲಿ ಓದಬಹುದು. ಶಾಲೆಯಲ್ಲಿ ಕಲಿತದ್ದು ನೆನಪಿರಬಹುದು: ನೀರಿನ ತಳದಲ್ಲಿ ಮಣ್ಣು, ಮರಳು, ಚಿಪ್ಪು ಕೂತು ಕೂತು ಗಟ್ಟಿಯಾಗಿ ಕಲ್ಲಾಗುತ್ತದೆ. ಕೆಳಗಿನ ಪದರು ಹಳೆಯದು, ಮೇಲಿನದು ಹೊಸದು. ಆಸ್ಟ್ರಿಯಾದ ವಿಯೆನ್ನಾ ನಗರದ ಸುತ್ತಿನ ಪದರುಗಳಲ್ಲಿ ಕೆಳಗೆ ಲೈತಾ ಸುಣ್ಣಕಲ್ಲು ಸಿಗುತ್ತದೆ. ಅದರ ತುಂಬ ಸುಣ್ಣ ಕಟ್ಟುವ ಕಡಲಪಾಚಿ, ಹವಳ, ಕಡಲ ಜೀವಿಗಳ ಗುರುತು. ಮಹಾಸಾಗರದ ಜೊತೆ ಕೊಂಡಿ ಇದ್ದ ಕಾಲ ಅದು. ಅದರ ಮೇಲಿನ ಪದರಿನಲ್ಲಿ ಹವಳ ಇಲ್ಲ. ನೂರಾರು ಬಗೆಯ ಜೀವಿಗಳಿದ್ದ ಕಡೆ ಕೆಲವೇ ಬಗೆಯ ಚಿಪ್ಪುಗಳು ರಾಶಿ ರಾಶಿ. ಇನ್ನೂ ಮೇಲೆ, ಸುಮಾರು 1 ಕೋಟಿ 16 ಲಕ್ಷ ವರ್ಷಗಳ ಹಿಂದಿನಿಂದ, ಅದು ಸಮುದ್ರವೇ ಅಲ್ಲ. ಪನೋನಿಯನ್ ಸರೋವರ ಎಂದು ಕರೆಯುವ, ಚಪ್ಪೆಯಾಗುತ್ತಾ ಹೋದ ಒಂದು ಸರೋವರ. ಕೊನೆಗೆ ನದಿಗಳು ತಂದ ಮಣ್ಣು ಅದನ್ನೂ ತುಂಬಿಬಿಟ್ಟಿತು.

ಪೋಲೆಂಡಿನ ಕ್ರಾಕೊವ್ ನಗರದ ಹತ್ತಿರ ವಿಯೆಲಿಚ್ಕಾ ಎಂಬ ಉಪ್ಪಿನ ಗಣಿ ಇದೆ. 13ನೇ ಶತಮಾನದಿಂದ 1996ರವರೆಗೆ ಅಲ್ಲಿ ಉಪ್ಪು ತೆಗೆದರು. ಗಣಿ 327 ಮೀಟರ್ ಆಳ. ಅಲ್ಲಿಯ ಕಾರ್ಮಿಕರು ಉಪ್ಪುಕಲ್ಲಿನಲ್ಲೇ ಪ್ರಾರ್ಥನಾ ಮಂದಿರ ಕೊರೆದಿದ್ದಾರೆ. ಆ ಉಪ್ಪು ಇದೇ ಪ್ಯಾರಾಟೆಥಿಸ್ ಸಮುದ್ರದ್ದು. ಸುಮಾರು 1 ಕೋಟಿ 38 ಲಕ್ಷ ವರ್ಷಗಳ ಹಿಂದೆ ಸಾಗರದ ನೀರು ಒಳಗೆ ಬರುವ ದಾರಿ ಇಕ್ಕಟ್ಟಾಯಿತು. ಬಿಸಿಲಿಗೆ ನೀರು ಆವಿಯಾಯಿತು. ನೀರಿನಲ್ಲಿ ಕರಗಿದ್ದ ಉಪ್ಪು ತಳದಲ್ಲಿ ಕೂತು ಕಲ್ಲಾಯಿತು.

ಇಷ್ಟೆಲ್ಲ ಯಾಕಾಯಿತು? ಯಾವ ದೇವರ ಸಿಟ್ಟೂ ಅಲ್ಲ, ಶಾಪವೂ ಅಲ್ಲ. ಭೂಫಲಕಗಳು ಒತ್ತಿ ಆಲ್ಪ್ಸ್, ಕಾರ್ಪೇಥಿಯನ್ ಬೆಟ್ಟಗಳು ಮೇಲೆದ್ದವು. ಅಂಟಾರ್ಕ್ಟಿಕದಲ್ಲಿ ಹಿಮ ಹೆಚ್ಚಾಗಿ ಸಾಗರಗಳ ಮಟ್ಟ ಇಳಿಯಿತು. ನೀರು ಒಳಗೆ ಬರುತ್ತಿದ್ದ ಜಲಸಂಧಿಗಳು, ಅಂದರೆ ಸಮುದ್ರದ ಬಾಗಿಲುಗಳು, ಒಂದೊಂದಾಗಿ ಮುಚ್ಚಿದವು. ಪಟಿಚ್ಚಸಮುಪ್ಪಾದ ಎಂದರೆ ಇದೇ ತಾನೇ? ಇದು ಇದ್ದಾಗ ಅದು ಉಂಟಾಗುತ್ತದೆ, ಇದು ನಿಂತಾಗ ಅದು ನಿಲ್ಲುತ್ತದೆ.

ಹಂಗೇರಿಯಲ್ಲಿ ಬಾಲಟೋನ್ ಎಂಬ ದೊಡ್ಡ ಕೆರೆಯಿದೆ. ಅದರ ದಡದಲ್ಲಿ ಮೇಕೆಯ ಗೊರಸಿನಂತೆ ಕಾಣುವ ಕಲ್ಲುಗಳು ಸಿಗುತ್ತವೆ. ಹಿಂದೊಮ್ಮೆ ಮೇಕೆಗಳ ಹಿಂಡು ಮುಳುಗಿತು, ಇವು ಅವುಗಳ ಗೊರಸು ಎಂದು ಅಲ್ಲಿಯ ಜನ ಕತೆ ಕಟ್ಟಿದ್ದರು. ನಿಜದಲ್ಲಿ ಅವು ಪನೋನಿಯನ್ ಸರೋವರದ ಚಿಪ್ಪುಗಳ ಸವೆದ ತುಂಡುಗಳು. ಕಾರಣ ಗೊತ್ತಿಲ್ಲದ ಕಡೆ ಕತೆ ಹುಟ್ಟುತ್ತದೆ. ಮೇಕೆಯ ಕತೆಯಿಂದ ಯಾರಿಗೂ ನೋವಿಲ್ಲ. ಆದರೆ ಒಬ್ಬರು ಬ್ರಹ್ಮನ ಬಾಯಿಂದ, ಒಬ್ಬರು ಪಾದದಿಂದ ಹುಟ್ಟಿದರು ಎಂಬ ಕತೆ ನಮ್ಮ ಹಿರಿಯರ ಬೆನ್ನು ಮುರಿಯಿತು. ಅಗ್ಗಞ್ಞ ಸುತ್ತದಲ್ಲಿ ಬುದ್ಧರು ವಾಸೆಟ್ಠನಿಗೆ ತೋರಿಸಿದ್ದು ಕಣ್ಣೆದುರಿನ ಸತ್ಯ: ಬ್ರಾಹ್ಮಣರನ್ನೂ ತಾಯಂದಿರೇ ಹೆರುತ್ತಾರೆ.

ಜಾತಿಯನ್ನು ಸನಾತನ ಎನ್ನುವವರಿಗೆ ಈ ಪದರುಗಳನ್ನು ತೋರಿಸಬೇಕು ಎಂದು ನಾನು ಹುಡುಗನಿಗೆ ಹೇಳಿದೆ. ಸಮುದ್ರವೇ ಸನಾತನವಲ್ಲ, ಮನುಷ್ಯ ಮಾಡಿದ ಮೇಲುಕೀಳು ಹೇಗೆ ಸನಾತನವಾದೀತು? ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಹೆಮ್ಮೆಪಟ್ಟೆ.

ಮನೆಗೆ ಬರುವಾಗ ದಾರಿಯಲ್ಲಿ ಆ ಹೆಮ್ಮೆ ಇಳಿಯಿತು.

ಮೂರು ತಿಂಗಳ ಹಿಂದೆ ನನ್ನ ಮಗಳು ಒಬ್ಬ ಹುಡುಗನ ವಿಷಯ ಹೇಳಿದ್ದಳು. ಅವರದೂ ದೀಕ್ಷೆ ತೆಗೆದುಕೊಂಡ ಕುಟುಂಬ. ನಮ್ಮ ಮನೆಯಲ್ಲಿರುವ ಬುದ್ಧರ ಫೋಟೋ, ಬಾಬಾಸಾಹೇಬರ ಫೋಟೋ ಅವರ ಮನೆಯಲ್ಲೂ ಇದೆ. ಹುಡುಗನಿಗೆ ಕೆಲಸವಿದೆ, ಕುಡಿತವಿಲ್ಲ. ಎಲ್ಲ ಕೇಳಿಸಿಕೊಂಡು ನನ್ನ ಬಾಯಿಂದ ಬಂದ ಮೊದಲ ಮಾತು ಇದು: "ಅವರು ಬಲಗೈಯವರಾ, ಎಡಗೈಯವರಾ?"

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಪ್ಪಾ, ನದಿ ಸಮುದ್ರ ಸೇರಿದ ಮೇಲೆ ಹೆಸರು ಕೇಳಬಾರದು ಅಂತ ಹೇಳಿಕೊಡೋರು ನೀವೇ ಅಲ್ವಾ?" ಎಂದಳು. ನಾನು ಸಿಡುಕಿದೆ. ಅಂದಿನಿಂದ ಮನೆಯಲ್ಲಿ ಆ ಮಾತು ನಿಂತಿತು. ಅವಳು ಊಟ ಮಾಡಿ ತನ್ನ ಕೋಣೆಗೆ ಹೋಗುತ್ತಿದ್ದಳು. ಮನೆಯವರೂ ನನ್ನ ಜೊತೆ ಅಷ್ಟಕ್ಕಷ್ಟೇ.

ಬಾಬಾಸಾಹೇಬರು 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಯ ಬಗ್ಗೆ ಪ್ರಬಂಧ ಓದಿದಾಗ ಅವರಿಗೆ 25 ವರ್ಷ. ಜಾತಿಯ ತಿರುಳು ಏನೆಂದು ಅವರು ಆಗಲೇ ಹಿಡಿದಿದ್ದರು: ತಮ್ಮೊಳಗೇ ಮದುವೆ. ಒಂದು ಗುಂಪು ತನ್ನ ಬಾಗಿಲು ಹಾಕಿಕೊಂಡಿತು, ಅದನ್ನು ನೋಡಿ ಉಳಿದವೂ ಹಾಕಿಕೊಂಡವು, ಹಾಕಿಕೊಳ್ಳಬೇಕಾಯಿತು ಎಂದು ವಿವರಿಸಿದರು. 1936ರ ಜಾತಿ ವಿನಾಶದಲ್ಲಿ ಇದಕ್ಕೆ ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಎಂದರು. ಇದನ್ನೆಲ್ಲ ನಾನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೆ! ಆದರೂ ನನ್ನ ಮನೆಯ ಜಲಸಂಧಿಯನ್ನು ನಾನೇ ಮುಚ್ಚಿದೆ.

ಆ ರಾತ್ರಿ ಒಂದು ವಿಷಯ ಹೊಳೆಯಿತು. ಮಹಾಸಾಗರದಲ್ಲಿ ಕರಗಿದ್ದಾಗ ಉಪ್ಪು ಎಲ್ಲರಿಗೂ ಒಂದೇ ರುಚಿ. ಬಾಗಿಲು ಮುಚ್ಚಿದಾಗ ಅದೇ ಉಪ್ಪು ಬಂಡೆ. ನನ್ನೊಳಗೂ ಹಾಗೆಯೇ ಒಂದು ಪದರು ಕೂತಿದೆ. ಅದು ನಾನು ಇಟ್ಟದ್ದಲ್ಲ, ಅಜ್ಜ ಮುತ್ತಜ್ಜರ ಕಾಲದಿಂದ ಬಂದದ್ದು. ಆದರೆ ಅದನ್ನು ಕಾಪಾಡುತ್ತಿರುವವನು ನಾನೇ.

ಎಲ್ಲವೂ ಅನಿಚ್ಚ, ಜಾತಿಯೂ ಒಂದು ದಿನ ಹೋಗುತ್ತದೆ ಎಂದು ಕೂರುವುದು ಧಮ್ಮವಲ್ಲ. ಕಾರಣ ಇರುವವರೆಗೆ ಫಲ ಇರುತ್ತದೆ. ಪ್ಯಾರಾಟೆಥಿಸ್ ಇದ್ದ ಪ್ರದೇಶದಲ್ಲೇ ಇಂದು ಅರಲ್ ಸಮುದ್ರವಿದೆ. 1960ರ ದಶಕದಿಂದ ಹತ್ತಿ ಬೆಳೆಗಾಗಿ ಅದರ ಎರಡು ನದಿಗಳನ್ನು ತಿರುಗಿಸಿದರು. ಒಬ್ಬ ಮನುಷ್ಯನ ಆಯುಸ್ಸಿನೊಳಗೆ ಸಮುದ್ರ ಬತ್ತಿ ಹಡಗುಗಳು ಮರಳಿನಲ್ಲಿ ನಿಂತವು. ಆದರೆ 2005ರಲ್ಲಿ ಉತ್ತರದ ಭಾಗಕ್ಕೆ ಕೊಕ್‌-ಅರಲ್ ಅಣೆಕಟ್ಟು ಕಟ್ಟಿ ನೀರು ಉಳಿಸಿದಾಗ, ಅಲ್ಲಿ ನೀರು ಏರಿತು, ಮೀನುಗಳು ಮರಳಿದವು. ಇಡೀ ಸಮುದ್ರ ಮರಳಲಿಲ್ಲ. ಕೈ ಹಾಕಿದಷ್ಟು ಮರಳಿತು.

ಸೋಮವಾರ ಬೆಳಿಗ್ಗೆ ಆ ಹುಡುಗನ ತಂದೆಗೆ ಫೋನ್ ಮಾಡಿದೆ. "ಜೈಭೀಮ್ ಅಣ್ಣಾ, ನಾನು ಒಂದು ತಪ್ಪು ಪ್ರಶ್ನೆ ಕೇಳಿದ್ದೆ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು, "ಜೈಭೀಮ್ ಸರ್. ಅದೇ ಪ್ರಶ್ನೆ ನಾನೂ ನನ್ನ ಮಗನಿಗೆ ಕೇಳಿದ್ದೆ" ಎಂದರು. ಇಬ್ಬರಿಗೂ ನಗು ಬಂತು, ನಾಚಿಕೆಯೂ ಆಯಿತು. ಬರುವ ಭಾನುವಾರ ಅವರ ಕುಟುಂಬ ನಮ್ಮ ಮನೆಗೆ ಊಟಕ್ಕೆ ಬರುತ್ತಿದೆ. ಮಗಳು ಇನ್ನೂ ಹೆಚ್ಚು ಮಾತಾಡಿಲ್ಲ. ನಿನ್ನೆ ಮಾತ್ರ, "ಅಪ್ಪಾ, ಅವರಮ್ಮನಿಗೆ ಖಾರ ಆಗಲ್ಲ" ಎಂದು ಹೇಳಿ ಹೋದಳು.

ಇಂದಿನ ಅಭ್ಯಾಸ:

ಸಂಜೆ ಐದು ನಿಮಿಷ ಆನಾಪಾನ ಸತಿಯಲ್ಲಿ ಕೂತುಕೊಳ್ಳಿ. ಆಮೇಲೆ 22 ಪ್ರತಿಜ್ಞೆಗಳಲ್ಲಿ 9 ಮತ್ತು 10ನೆಯದನ್ನು ಓದಿಕೊಳ್ಳಿ. ಎಲ್ಲ ಮನುಷ್ಯರೂ ಸಮಾನರೆಂದು ನಂಬುವುದು ಒಂಬತ್ತನೆಯದು, ಆ ಸಮಾನತೆಗಾಗಿ ದುಡಿಯುವುದು ಹತ್ತನೆಯದು. ನನಗೆ ಒಂಬತ್ತನೆಯದು ಬಾಯಿಪಾಠವಿತ್ತು, ಹತ್ತನೆಯದು ಬಾಕಿ ಇತ್ತು. ನಿಮ್ಮ ಮನೆಯಲ್ಲಿ ಯಾವ ಬಾಗಿಲು ಇನ್ನೂ ಮುಚ್ಚಿದೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಆ ಬಾಗಿಲಿನಾಚೆ ಇರುವ ಒಬ್ಬರಿಗೆ ಈ ವಾರ ಫೋನ್ ಮಾಡಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈಭೀಮ್.